ಹತ್ತು ಸೆನ್ನಿನಷ್ಟು

ಕಂಪಾರ್ ಊರಾಚೆ, ತವರದ ಗಣಿ ಮುಚ್ಚಿ
ನಲವತ್ತು ವರ್ಷವಾದ ಬಿಳಿ ಮರಳ ಬಯಲಲ್ಲಿ
ಒರತೆಯೊಂದು ತನ್ನ ಪಾಡಿಗೆ ತಾನು
ಪಾಚಿ, ಜೊಂಡು, ಹುಳ ಹಿಡಿಯುವ ಅಂಟು ಗಿಡ
ಸಾಕಿಕೊಂಡಿದೆ.

ಸರ್ವೆಗೆ ಬಂದ ಜುಲ್‌ಹಿಲ್ಮಿ ಮೂರು ದಿನದಿಂದ
ಮೊಣಕಾಲುದ್ದ ಬೂಟು ತೊಟ್ಟು ಅಲೆದಿದ್ದಾನೆ.
ಒಂದು ಫಾರಮ್ಮು, ಒಂದು ಪೆನ್ಸಿಲ್ಲು, ಕೊರಳಿಗೆ ದುರ್ಬೀನು.
ಸಿಕ್ಕಿದ್ದು ನಾಲ್ಕು.
ಸೋಮವಾರ ಲಾರಿ ಬರುತ್ತದೆ, ಮಣ್ಣು ಬೀಳುತ್ತದೆ,
ಮಣ್ಣಿನ ಮೇಲೆ ಮನೆ, ಮನೆಯ ಮೇಲೆ ಮನೆ.
ನಾಲ್ಕು ಹುಳಕ್ಕೆ ಯಾರು ಲಾರಿ ನಿಲ್ಲಿಸುತ್ತಾರೆ?

"ಅಲ್ಲೇ ನಿಲ್ಲು! ಕಾಲಿಡಬೇಡ!"
ಕೂಗಿದವಳು ಹ್ಯೂ ಮೊಯಿ ಯಿನ್, ಎಪ್ಪತ್ತೆಂಟು,
ಕಾಂಗ್‌ಕೋಂಗ್ ಸೊಪ್ಪು ಕೊಯ್ಯಲು ಬಂದವಳು.
ಬೂಟಿನ ತುದಿಯಿಂದ ಗೇಣು ದೂರ,
ಜೊಂಡಿನ ಎಳೆಯ ನೆತ್ತಿಯಲ್ಲಿ
ಜೀರಿಗೆ ಮೆಣಸಿಗೆ ರೆಕ್ಕೆ ಮೂಡಿದ ಹಾಗೆ
ಒಂದು ಕೆಂಪು.
ನಡುಹಗಲ ಬಿಸಿಲಿಗೆ ಬೆನ್ನು ಸುಡದಂತೆ
ಬಾಲವನ್ನು ನೆಟ್ಟಗೆ ಮುಗಿಲಿಗೆತ್ತಿ ನಿಂತಿದೆ.
ಹತ್ತು ಸೆನ್ ನಾಣ್ಯದ ಮೇಲೆ ಕೂರಿಸಿದರೆ
ತಲೆಯಿಂದ ಬಾಲದವರೆಗೆ ಅಂಚು ದಾಟದು.
ಏರೋಪ್ಲೇನ್ ಚಿಟ್ಟೆಯೇ, ನಿಜ;
ಆದರೆ ಇರುವೆ ಮಕ್ಕಳು ಆಡುವ ಏರೋಪ್ಲೇನು.

"ಹುಡುಕಬೇಡ ಮಗಾ. ಹುಡುಕಿದರೆ ಕಣ್ಣು ಗಟ್ಟಿಯಾಗುತ್ತೆ.
ನೀರು ನೋಡು, ಜೊಂಡು ನೋಡು, ಸುಮ್ಮನೆ ನೋಡು.
ಅಲ್ಲಿಗೆ ಒಗ್ಗದ್ದು ತಾನೇ ಎದ್ದು ಬರುತ್ತೆ."

ಹದಿಮೂರಕ್ಕೆ ನೀರಿಗಿಳಿದವಳು,
ಗಣಿ ಉಗಿದ ಕೆಸರು ನೀರಲ್ಲಿ ಸೊಂಟ ಬಗ್ಗಿಸಿ
ದುಲಾಂಗ್ ತಿರುಗಿಸಿದವಳು.
ನೀರಲ್ಲಿ ಕೇರುವ ಮೊರ ಅದು, ದುಂಡಗೆ, ಮರದ್ದು.
ತಿರುಗಿಸಿದರೆ ಹಗುರದ್ದು ಹೊರಟುಹೋಗುತ್ತದೆ,
ಎಳ್ಳಿಗಿಂತ ಸಣ್ಣ ಕಪ್ಪು ಕಾಳು ತಳ ಹಿಡಿಯುತ್ತದೆ.
ಆ ಕಾಳಲ್ಲಿ ಅಕ್ಕಿ, ಆ ಕಾಳಲ್ಲಿ ಮೂರು ಮಕ್ಕಳ ಸ್ಕೂಲ್ ಫೀಸು.

(ನನ್ನ ಭಾಷೆಯಲ್ಲಿ ತವರಕ್ಕೊಂದು ಕೊಂಬು ಕೊಟ್ಟರೆ ತವರು.
ಅವಳ ಹಕ್ಕಾ ಮಾತಿಗೆ ಇದು ದಾಟಿ ಬರುವುದಿಲ್ಲ.
ಬಂದರೂ ಹೇಳುವುದು ಹೇಗೆ,
ಅವಳು ಹುಟ್ಟಿದ ತಗಡಿನ ಮನೆ
ಈ ಪಕ್ಕದ ಕೆರೆಯ ತಳದಲ್ಲಿದೆ.
ಗಣಿಯೇ ಬಾಯಿ ಅಗಲಿಸಿ ನುಂಗಿತು,
ಆಮೇಲೆ ನೀರು ಕುಡಿಯಿತು.)

ಮೊಯಿ ಯಿನ್ ಕುಕ್ಕುರುಗಾಲಲ್ಲಿ ಕೂತಳು.
ಮಂಡಿ ಲಟಕ್ಕೆಂದಿತು.
ಬೆರಳು ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ
"ಇಪ್ಪತ್ತಾರು" ಎಂದಳು.
ಅವನು ಬರೆದುಕೊಂಡ.
"ಇನ್ನು ಹೆಣ್ಣುಗಳು."
"ಎಲ್ಲಿ?"
"ನೀನು ಕಣಜ ಅಂದುಕೊಂಡು ಕೈ ಬೀಸಿದೆಯಲ್ಲ, ಅವು.
ಹಳದಿ, ಕಂದು, ನಡುವೆ ಒಂದಿಷ್ಟು ಬಿಳಿ ಪಟ್ಟೆ.
ಗಂಡಿಗೇನು, ಕೆಂಪಗೆ ಕೂತು ಗಡಿ ಕಾಯುವುದು,
ಅದೂ ಚಾಪೆಯಗಲದ ರಾಜ್ಯಕ್ಕೆ.
ಇವಕ್ಕೆ ಕೆಲಸವಿದೆ.
ಬಾಲ ನೀರಿಗೆ ತಾಗಿಸಿ ತಾಗಿಸಿ
ಹೇಗೆ ಮೊಟ್ಟೆ ಬಿತ್ತುತ್ತಾವೆ, ನೋಡು."

ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಅಲ್ಲದೆ:
"ಗಣಿಯ ಲೆಕ್ಕದ ಪುಸ್ತಕದಲ್ಲಿ
ಪಂಪಿನವನಿದ್ದ, ಪೈಪಿನವನಿದ್ದ,
ಗೇಟಿನ ನಾಯಿಗೂ ತಿಂಗಳಿಗಿಷ್ಟು ಅಂತ ಇತ್ತು."

ಫಾರಮ್ಮಿನಲ್ಲಿ ಹೆಣ್ಣಿಗೆ ಕಾಲಂ ಇಲ್ಲ.
ಜುಲ್‌ಹಿಲ್ಮಿ ಅಂಚಿನಲ್ಲೊಂದು ಗೆರೆ ಎಳೆದ,
ಸೊಟ್ಟ ಗೆರೆ, ತೊಡೆಯ ಮೇಲಿಟ್ಟು ಎಳೆದದ್ದು.
ಎಳೆದು ತಲೆ ಎತ್ತಿದಾಗ
ಹುಡುಕದೆಯೇ ಅವನಿಗೊಂದು ಕಂಡಿತು,
ಅವಳ ಬುಟ್ಟಿಯ ಬಿದಿರಂಚಿನಲ್ಲಿ, ಪಟ್ಟೆಯದು,
ಉಸಿರಿನಷ್ಟು ತೂಗುತ್ತ.
ಒಂದು, ಎಂದ.

ಸೋಮವಾರಕ್ಕೆ ಇನ್ನೂ ಎರಡು ದಿನ.
"ಸೊಪ್ಪು ಬೇಕಾ? ಕಟ್ಟಿಗೆ ಒಂದು ರಿಂಗಿಟ್."
ಅವನ ಜೇಬಲ್ಲಿ ಇದ್ದದ್ದೆಲ್ಲ ಚಿಲ್ಲರೆ.
ಹತ್ತು ಹತ್ತು ಸೆನ್ನನ್ನು ಅವಳ ಅಂಗೈಯಲ್ಲಿ
ಒಂದೊಂದಾಗಿ ಇಟ್ಟ.
ಅವಳು ಮತ್ತೊಮ್ಮೆ ಎಣಿಸಿದಳು.